ಅಕ್ಷರದ ಬುತ್ತಿ

ಅಚ್ಚಿನ ಮೊಳೆಗಳು ಸೀಸದವಾಗಿದ್ದ ಕಾಲದಲ್ಲಿ ಗ್ರಂಥಕರ್ತನು ತನ್ನ ಕೈಬರಹವನ್ನು ಅಚ್ಚುಕೂಟಕ್ಕೆ ಒಪ್ಪಿಸಿದರೆ ಸಾಕಾಗಿತ್ತು. ಮೊಳೆಗಳ ಯೋಗಕ್ಷೇಮವೆಲ್ಲ ಅಚ್ಚುಕೂಟದವರದು. 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿ ಅಚ್ಚಾದಂದಿನಿಂದ ಒಂದೂವರೆ ಶತಮಾನಕ್ಕೂ ಮಿಕ್ಕಿ ಇದೇ ಪದ್ಧತಿಯು ನಡೆದುಬಂದಿತು. ಕಂಪ್ಯೂಟರು ಬಂದ ಮೇಲಾದರೋ, ಬರಹದೊಡನೆ ಅದರ ಮೊಳೆಗಳನ್ನೂ, ಎಂದರೆ ಫಾಂಟನ್ನೂ, ಬರೆದವನೇ ಬುತ್ತಿ ಕಟ್ಟಿಕೊಂಡು ಹೋಗಬೇಕಾಗಿದೆ.

ನಮ್ಮ ಸೋದರತ್ತೆಯವರು ಹಾಡುತ್ತಿದ್ದ ಹಸೆಹಾಡುಗಳನ್ನು, ಪುಟ ಜೋಡಿಸುವ ವೃತ್ತಿಯಲ್ಲಿದ್ದ ನನ್ನ ಅಣ್ಣನವರು 2004ರಲ್ಲಿ ಅವರೆದುರು ಕುಳಿತು ಇನ್‌ಡಿಸೈನಿನಲ್ಲಿ ಬರೆದಿಟ್ಟಿದ್ದರು. ಈಗ ಹಾಡಿದವರೂ ಇಲ್ಲ, ಬರೆದವರೂ ಇಲ್ಲ. ಹಾಡುಗಳ ಬೇರೆ ಪ್ರತಿಯೂ ಇಲ್ಲ. ಮನೆಯಲ್ಲೊಂದು ಮದುವೆ ಕೂಡಿಬಂದುದರಿಂದ ಅವನ್ನು ಅಚ್ಚುಹಾಕಿಸಬೇಕೆಂದು ಹಲಸೂರಿನಿಂದ ಶಿವಾಜಿನಗರದ ಅಂಗಡಿಯೊಂದಕ್ಕೆ ಹೋದೆನು. ಕನ್ನಡ, ತಮಿಳು, ಉರ್ದು, ಇಂಗ್ಲಿಷು, ನಾಲ್ಕು ಭಾಷೆಯ ಲಗ್ನಪತ್ರಿಕೆಗಳೂ ಅಲ್ಲಿ ಒಂದೇ ಮೇಜಿನ ಮೇಲೆ ತಯಾರಾಗುತ್ತವೆ. ಹುಡುಗನು ಕಡತವನ್ನು ತೆರೆದನು. ತೆರೆಯ ಮೇಲೆ ಕನ್ನಡದ ಅಕ್ಷರವೊಂದೂ ಇಲ್ಲ! ರೋಮನ್ ಲಿಪಿಯ ಕಲಸುಮೇಲೋಗರ, ಅದರ ಹಿಂದೆ ಗುಲಾಬಿ ಬಣ್ಣದ ಪಟ್ಟಿ.

“ಸಾರ್, ಈ ಫಾಂಟ್ ನಮ್ಮಲ್ಲಿ ಹಾಕಿಲ್ಲ,” ಎಂದನು.

ಅಂದಿನ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷು ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಕೂರಿಸಿದ್ದರು. ಫಾಂಟು ಇಲ್ಲದೆಹೋದರೆ ಬಾಡಿಗೆಯವನು ಮಾಯವಾಗಿ ಮನೆಯ ಯಜಮಾನನೇ ಬಾಗಿಲಲ್ಲಿ ನಿಲ್ಲುತ್ತಾನೆ. 1991ರ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಸ್ವಂತ ಮನೆಗಳು ದೊರೆತಿದ್ದವು. ಆದರೆ ಪುಟ ಜೋಡಿಸುವವರು ಬಹುಕಾಲ ಅಲ್ಲಿಗೆ ಒಕ್ಕಲು ಹೋಗಲಿಲ್ಲ. ಅವರನ್ನು ದೂರಿ ಫಲವಿಲ್ಲ: ಇನ್‌ಡಿಸೈನು ಭಾರತೀಯ ಲಿಪಿಗಳ ಒತ್ತಕ್ಷರವನ್ನು ಸರಿಯಾಗಿ ಕೂರಿಸಲು ಕಲಿತದ್ದೇ 2012ರಲ್ಲಿ.

ಅಣ್ಣನವರು ಮಾತ್ರ ಬುತ್ತಿಯನ್ನು ಮರೆತಿರಲಿಲ್ಲ. ಕಡತದ ಪಕ್ಕದಲ್ಲಿಯೇ ‘ಫಾಂಟ್ಸ್’ ಎಂಬ ಚೀಲವೊಂದಿತ್ತು. ಇನ್‌ಸ್ಟಾಲ್ ಮಾಡಿಕೊಳ್ಳಬಾರದೇ ಎಂದು ಕೇಳಿದೆನು. ಬಂದವರ ಫಾಂಟನ್ನೆಲ್ಲ ಸೇರಿಸಿಕೊಂಡರೆ ಪಟ್ಟಿ ಹನುಮಂತನ ಬಾಲವಾಗುತ್ತದೆ, ಒಂದೇ ಹೆಸರಿನ ಎರಡು ಫಾಂಟು ಸೇರಿದರೆ ಜಗಳವಾಡುತ್ತವೆ ಎಂಬುದು ಅವನ ಉತ್ತರ. ಅವನು ಕಡತವನ್ನು ಹೊಸ ಆವೃತ್ತಿಯಲ್ಲಿ ಅಲ್ಲಿಯೇ ಉಳಿಸಿ, ಚೀಲದ ಹೆಸರನ್ನು ‘ಡಾಕ್ಯುಮೆಂಟ್ ಫಾಂಟ್ಸ್’ ಎಂದು ಬದಲಾಯಿಸಿ, ಮುಚ್ಚಿ ಮತ್ತೆ ತೆರೆದನು. ಅತ್ತೆಯವರ ಹಾಡು ಕನ್ನಡದಲ್ಲಿಯೇ ಮೂಡಿತು. 2010ರಿಂದೀಚೆಗೆ ಇನ್‌ಡಿಸೈನಿನಲ್ಲಿ ಈ ಅನುಕೂಲವಿದೆಯಂತೆ: ಆ ಹೆಸರಿನ ಚೀಲದಲ್ಲಿರುವ ಫಾಂಟು ಪಕ್ಕದ ಕಡತಗಳಿಗೆ ಮಾತ್ರ ಸೇವೆ ಸಲ್ಲಿಸಿ, ಕಡತ ಮುಚ್ಚಿದೊಡನೆ ಅತಿಥಿಯಂತೆ ಎದ್ದುಹೋಗುತ್ತದೆ. ಕೋರೆಲ್‌ಡ್ರಾದಲ್ಲಿಯೂ 2017ರಿಂದ ಇಂತಹುದೇ ಏರ್ಪಾಡುಂಟು. ನಮ್ಮದು ಟ್ರೂಟೈಪ್ ಜಾತಿಯದಾದುದು ಪುಣ್ಯ; ಟೈಪ್ ಒನ್ ಜಾತಿಯವನ್ನು ಅಡೋಬಿಯವರು 2023ರಲ್ಲಿ ಪಂಕ್ತಿಯಿಂದಲೇ ಎಬ್ಬಿಸಿದ್ದಾರೆ. (ಪರರ ಫಾಂಟನ್ನು ಹೀಗೆ ಹಂಚಲು ಪರವಾನಗಿಯುಂಟೇ ಎಂಬುದನ್ನು ವಾಚಕರು ನೋಡಿಕೊಳ್ಳತಕ್ಕದ್ದು.)

ಹಾಡುಗಳನ್ನು ಯೂನಿಕೋಡಿಗೂ ಬದಲಾಯಿಸಿಕೊಂಡೆನು. ಪರಿವರ್ತನೆಯಲ್ಲಿ ಅರ್ಕಾವೊತ್ತು ಅಲ್ಲಲ್ಲಿ ಸ್ಥಾನ ತಪ್ಪಿದೆ. ಅತ್ತೆಯವರ ಬಾಯಿಮಾತನ್ನು ಅಣ್ಣನವರು ಇದ್ದಂತೆಯೇ ಬರೆದಿರುವುದರಿಂದ, ಯಾವುದು ಯಂತ್ರದ ತಪ್ಪು, ಯಾವುದು ಅತ್ತೆಯವರ ಉಚ್ಚಾರಣೆ ಎಂಬುದು ಹಳೆಯ ಫಾಂಟಿನ ಪುಟವನ್ನು ಎದುರಿಗಿಟ್ಟುಕೊಂಡಲ್ಲದೆ ತಿಳಿಯುವಂತಿಲ್ಲ. ಮದುವೆ ಮಾಘಮಾಸದಲ್ಲಿ, ಇನ್ನೂ ಒಂಬತ್ತು ಹಾಡುಗಳನ್ನು ತಾಳೆನೋಡಬೇಕಾಗಿದೆ.