ಮೂರನೇ ಮಗ

ನಮ್ಮ ಮನೆಯಲ್ಲಿ ಒಂದು ನಾಯಿ ಇದೆ. ಹೆಸರು ಸೋನು. ಒಂದು ಕಾಲದಲ್ಲಿ ಯಾರಾದರೂ ಅದನ್ನು ನಾಯಿ ಎಂದರೆ ನನ್ನ ಹೆಂಡತಿಗೆ ಸಿಟ್ಟು ಬರುತ್ತಿತ್ತು. 'ಯಾಕ, ಅದಕ್ಕ ಹೆಸರಿಲ್ಲೇನು?' ಎಂದು ಕೇಳಿಬಿಡುತ್ತಿದ್ದಳು. ಮನೆಗೆ ಬಂದವರಿಗೆ 'ಇಂವ ನಮ್ಮ ಮೂರನೇ ಮಗ' ಎಂದು ಪರಿಚಯಿಸುತ್ತಿದ್ದಳು. ನಾನೂ ನಗುತ್ತಾ ತಲೆಯಾಡಿಸುತ್ತಿದ್ದೆ. ಈಗ ಆ ಮಾತನ್ನು ನಮ್ಮಲ್ಲಿ ಯಾರೂ ಆಡುವುದಿಲ್ಲ. ಯಾಕೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ, ಏಕೆಂದರೆ ನಮ್ಮಂತಹ ಮನೆಗಳು ಈಗ ಬಹಳ ಇವೆ.

ಸೋನು ನಮ್ಮ ಮನೆಗೆ ಬಂದದ್ದು 2021ರ ಆರಂಭದಲ್ಲಿ. ಕೊರೋನಾದಿಂದ ಶಾಲೆ ಮುಚ್ಚಿ ಮಕ್ಕಳಿಬ್ಬರೂ ಮೊಬೈಲಿನ ಮುಂದೆ ಕುಳಿತು ಬಾಡಿಹೋಗಿದ್ದರು. ಒಂದು ನಾಯಿಮರಿ ಬೇಕೆಂದು ಹಟ ಹಿಡಿದರು. ಮುಧೋಳ ತಾಲೂಕಿನ ನಮ್ಮ ಹಳ್ಳಿಯಲ್ಲಿ ಕಾಕಾ ಇದ್ದಾರೆ. ಅವರ ಮನೆಯ ನಾಯಿ ಮರಿ ಹಾಕಿತ್ತು. ಎರಡು ತಿಂಗಳ ಮರಿಯನ್ನು ನನ್ನ ಕೈಗೆ ಕೊಡುವಾಗ ಕಾಕಾ ಒಂದು ಮಾತು ಹೇಳಿದ್ದರು. 'ಒಯ್ಯೋದೇನೋ ಒಯ್ಯಿ ತಮ್ಮಾ. ಆದ್ರ ಇದು ಮನಿಯೊಳಗ ಕುಂದ್ರೂ ನಾಯಿ ಅಲ್ಲ.' ಹಳ್ಳಿಯ ಹಿರಿಯರ ಮಾತೆಂದು ನಾನು ಅದನ್ನು ಅಲ್ಲೇ ಬಿಟ್ಟು ಹುಬ್ಬಳ್ಳಿಗೆ ಬಂದೆ.

ನಾವು ಅದನ್ನು ಮನೆಯೊಳಗೇ ಕೂರಿಸಿದೆವು. ಅದು ಮಕ್ಕಳ ಹಾಸಿಗೆಯಲ್ಲಿ ಮಲಗುತ್ತಿತ್ತು. ಮಗಳು ಅದಕ್ಕೆ ಸ್ವೆಟರ್ ಹೊಲಿಸಿದಳು. ವರ್ಷ ತುಂಬಿದ ದಿನ ಕೇಕು ತಂದು, ಮೇಣದ ಬತ್ತಿ ಹಚ್ಚಿ, ಓಣಿಯ ಮಕ್ಕಳನ್ನೆಲ್ಲ ಕರೆದು ಹಂಚಿದೆವು. ಅದರ ಸಲುವಾಗಿ ನಾವು ಮಾಡದೆ ಉಳಿದದ್ದು ಒಂದೇ. ಅದನ್ನು ಮನಸಾರೆ ಓಡಲು ಬಿಡಲಿಲ್ಲ. ಸಂಜೆ ಹಗ್ಗ ಹಿಡಿದು ಓಣಿಯ ತುದಿಯವರೆಗೆ ಹತ್ತು ನಿಮಿಷದ ನಡಿಗೆ, ಅಷ್ಟೇ.

ಮುಧೋಳದ ನಾಯಿಯನ್ನು ನೋಡಿದವರಿಗೆ ಅದು ಯಾವುದಕ್ಕೆ ಹುಟ್ಟಿದೆ ಎಂದು ಹೇಳಬೇಕಾಗಿಲ್ಲ. ಉದ್ದನೆಯ ಕಾಲು, ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ, ದೂರ ನೋಡುವ ಕಣ್ಣು. ಇದು ಮೂಸಿ ಹುಡುಕುವುದಕ್ಕಿಂತ ನೋಡಿ ಬೆನ್ನಟ್ಟುವ ಬೇಟೆನಾಯಿ. ಮುಧೋಳದ ಘೋರ್ಪಡೆ ರಾಜಮನೆತನದ ಪೋಷಣೆಯಿಂದ ಈ ತಳಿ ಹೆಸರಾಯಿತು. 2005ರಲ್ಲಿ ಇದರ ಚಿತ್ರವಿರುವ ಅಂಚೆಚೀಟಿ ಬಂತು. 2016ರಲ್ಲಿ ಭಾರತೀಯ ಸೇನೆ ಇದನ್ನು ತರಬೇತಿಗೆ ಆರಿಸಿಕೊಂಡಿತು. ನಮ್ಮ ಊರಿನ ನಾಯಿ ಎಂದು ಇವನ್ನೆಲ್ಲ ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನೇ. ಆದರೆ ಆ ಹೆಮ್ಮೆಗೆ ಕಾರಣವಾದ ಗುಣವೇ ನನ್ನ ಮನೆಯ ಸೋಫಾದ ಮೇಲೆ ಮಲಗಿದೆ ಎಂಬುದು ನನಗೆ ಹೊಳೆಯಲಿಲ್ಲ.

ನನ್ನ ಅಜ್ಜ ಎರಡು ನಾಯಿ ಸಾಕಿದ್ದರು. ಬೇಟೆಗೆ ಕಾನೂನಿನ ನಿಷೇಧ ಬರುವ ಮೊದಲಿನ ಮಾತು ಅದು. ಅವು ಚಕ್ಕಡಿಯ ಕೆಳಗೆ ಮಲಗುತ್ತಿದ್ದವು, ರೊಟ್ಟಿ ಮಜ್ಜಿಗೆ ತಿನ್ನುತ್ತಿದ್ದವು. ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ಯಾರೂ ಕಂಡಿಲ್ಲ. ಅವುಗಳಲ್ಲಿ ಒಂದು ಸತ್ತ ದಿನ ಅಜ್ಜ ಹೊಲದ ಬೇವಿನ ಗಿಡದ ಬುಡದಲ್ಲಿ ಅದನ್ನು ಮಣ್ಣು ಮಾಡಿ ಬಂದು, ರಾತ್ರಿ ಊಟ ಮಾಡದೆ ಮಲಗಿದರಂತೆ. ಅವರಿಗೆ ಪ್ರೀತಿ ಕಡಿಮೆ ಇತ್ತೆಂದು ನಾನು ಹೇಗೆ ಹೇಳಲಿ?

ಮೊದಲ ಸೂಚನೆ ಬಂದದ್ದು 2022ರ ಬೇಸಿಗೆಯಲ್ಲಿ. ಹಿತ್ತಲಿಗೆ ಬಂದ ಬೆಕ್ಕಿನ ಮರಿಯೊಂದನ್ನು ಸೋನು ಕ್ಷಣದಲ್ಲಿ ಹಿಡಿದು ಕೊಂದುಹಾಕಿದ. ಹೆಂಡತಿ ಅತ್ತಳು, ಬೈದಳು. ಸೋನು ಕಿವಿ ಹಿಂದಕ್ಕೆ ಮಾಡಿ ತಲೆ ತಗ್ಗಿಸಿ ನಿಂತ. 'ನೋಡ್ರಿ, ತಪ್ಪು ಮಾಡೇನಿ ಅಂತ ಅದಕ್ಕ ತಿಳಿದದ' ಎಂದಳು. ನಮಗೆಲ್ಲ ಸಮಾಧಾನವಾಯಿತು.

ಆಮೇಲೆ ನಾನು ಓದಿ ತಿಳಿದದ್ದೇ ಬೇರೆ. ನಾಯಿಗಳ ಈ 'ತಪ್ಪಿತಸ್ಥ ಮುಖ'ದ ಬಗ್ಗೆ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಅಮೆರಿಕದ ಸಂಶೋಧಕಿ 2009ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ನಾಯಿ ತಪ್ಪು ಮಾಡಿದೆಯೋ ಇಲ್ಲವೋ ಎಂಬುದಕ್ಕೂ ಆ ಮುಖಕ್ಕೂ ಸಂಬಂಧ ಕಾಣಲಿಲ್ಲ. ಯಜಮಾನ ಗದರಿಸಿದಾಗ ಆ ಮುಖ ಬರುತ್ತಿತ್ತು. ಅಂದರೆ ನಾವು ಕಂಡದ್ದು ಪಶ್ಚಾತ್ತಾಪವಲ್ಲ, ನಮ್ಮ ಸಿಟ್ಟಿಗೆ ಅದು ತೋರಿದ ಅಂಜಿಕೆ. ಬೆಕ್ಕಿನ ಮರಿ ಹಿಡಿದದ್ದು ತಪ್ಪೆಂದು ಸೋನುವಿಗೆ ಯಾರೂ ಕಲಿಸಿರಲಿಲ್ಲ. ಅದರ ರಕ್ತ ಕಲಿಸಿದ್ದು ಅದಕ್ಕೆ ತದ್ವಿರುದ್ಧವಾದ ಪಾಠ.

ಅದೇ ವರ್ಷದ ಆಷಾಢ. ನಮ್ಮ ಕಡೆ ಅದು ಗಾಳಿಪಟದ ಕಾಲ. ಎದುರುಮನೆಯ ಏಳು ವರ್ಷದ ಹುಡುಗ ಪಟ ಹಾರಿಸಲು ಓಣಿಯಲ್ಲಿ ಓಡುತ್ತಿದ್ದ. ಬಟ್ಟೆಯ ಉದ್ದ ಬಾಲಂಗೋಚಿ ಅವನ ಹಿಂದೆ ನೆಲದ ಮೇಲೆ ಹೊರಳಾಡುತ್ತಾ ಬರುತ್ತಿತ್ತು. ಸೋನು ಅಂಗಳದಲ್ಲಿ ನಿಂತು ನೋಡುತ್ತಿದ್ದ. ನಾನು ಪತ್ರಿಕೆ ಓದುತ್ತಾ ಅಲ್ಲೇ ಕುಳಿತಿದ್ದೆ. ನಾನು ತಲೆ ಎತ್ತುವಷ್ಟರಲ್ಲಿ ಅದು ಗೇಟು ಹಾರಿತ್ತು. ಬಾಲಂಗೋಚಿಗೆ ಬಾಯಿ ಹಾಕಿತು, ಹುಡುಗ ಬಿದ್ದ, ಕಿರುಚಿದ, ಕೈ ಬೀಸಿದ. ಬೀಸಿದ ಕೈಯನ್ನು ಅದು ಹಿಡಿಯಿತು. ಮೊಣಕೈಯ ಕೆಳಗೆ ಹಲ್ಲು ಆಳವಾಗಿ ಇಳಿದಿತ್ತು. ಆ ಹುಡುಗ ಸೋನುವಿನ ಹುಟ್ಟುಹಬ್ಬದ ಕೇಕು ತಿಂದವನು. ಅದರ ಬೆನ್ನು ಸವರಿ ಆಡಿದವನು.

ಗಾಬರಿಯಲ್ಲಿ ಯಾರೋ ಗಾಯಕ್ಕೆ ಅರಿಸಿನ ಮೆತ್ತಿದರು. ಆಸ್ಪತ್ರೆಯಲ್ಲಿ ವೈದ್ಯರು ನಮ್ಮನ್ನು ಗದರಿದರು. ಮೊದಲು ಮಾಡಬೇಕಾದದ್ದು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆಯುವುದು. ಅರಿಸಿನ, ಸುಣ್ಣ, ಖಾರ ಯಾವುದನ್ನೂ ಹಚ್ಚಬಾರದು. ಕೂಡಲೇ ಹೊಲಿಗೆಯನ್ನೂ ಹಾಕಲಿಲ್ಲ. ಗಾಯದ ಸುತ್ತ ಚುಚ್ಚುಮದ್ದು, ಬಳಿಕ ದಿನ ಲೆಕ್ಕ ಹಾಕಿ ಲಸಿಕೆ. ನಮ್ಮ ನಾಯಿಗೆ ಲಸಿಕೆ ಆಗಿದೆ ಎಂದೆ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಆಮೇಲೆ ಮದ್ದಿಲ್ಲ, ಆದ್ದರಿಂದ ಯಾವುದನ್ನೂ ನಂಬಿ ಕೂರುವಂತಿಲ್ಲ ಎಂದರು.

ಹುಡುಗನ ತಾಯಿ ಆಸ್ಪತ್ರೆಯ ಬೆಂಚಿನ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಕೊನೆಗೆ ನನ್ನ ಹೆಂಡತಿಯತ್ತ ತಿರುಗಿ ಮೆಲ್ಲಗೆ ಹೇಳಿದರು. 'ಅಕ್ಕಾರ, ನಿಮ್ಮ ಮೂರನೇ ಮಗ ನಮ್ಮ ಒಬ್ಬನ ಮಗನ್ನ ಕಚ್ಚಿದ ನೋಡ್ರಿ.' ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅದೇ ತಿಂಗಳು ಲಕ್ನೋದಲ್ಲಿ ವೃದ್ಧೆಯೊಬ್ಬರನ್ನು ಅವರ ಮನೆಯಲ್ಲೇ ಸಾಕಿದ ಪಿಟ್‌ಬುಲ್ ನಾಯಿ ಕಚ್ಚಿ ಕೊಂದ ಸುದ್ದಿ ದೇಶವನ್ನೇ ನಡುಗಿಸಿತ್ತು. ಟೀವಿಯಲ್ಲಿ ಅದನ್ನು ನೋಡಿ ನಮ್ಮ ನೆಂಟರೆಲ್ಲ ಫೋನು ಮಾಡಿದರು. ವೈದ್ಯರು ಹೇಳಿದಂತೆ ಹತ್ತು ದಿನ ಸೋನುವನ್ನು ಕಟ್ಟಿಹಾಕಿ ಗಮನಿಸಿದೆವು. ಹನ್ನೊಂದನೆಯ ದಿನ ಒಬ್ಬ ಬಂಧು, 'ಹೈವೇದಾಗ ದೂರ ಒಯ್ದು ಬಿಟ್ಟು ಬಾ' ಎಂದ. ಸಾಕಿದ ಪ್ರಾಣಿಯನ್ನು ಹಾಗೆ ಬೀದಿಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಆ ಮಾತು ಹಿತವಾಗಿಯೇ ಕೇಳಿಸಿತು. ಹತ್ತು ದಿನದ ಹಿಂದೆ ಮಗನಾಗಿದ್ದವನು ಈಗ ದ್ರೋಹಿಯಾಗಿದ್ದ. ಅದನ್ನು ಕಾರಿನಲ್ಲಿ ಹತ್ತಿಸಿಕೊಂಡು ಹೊರಟೆ. ಬಿಡಲು ಮನಸ್ಸು ಬಾರದೆ ನೇರ ಕಾಕಾನ ಮನೆಗೆ ಹೋದೆ.

ಕಾಕಾ ಎಲ್ಲವನ್ನೂ ಕೇಳಿದರು. ಹುಡುಗ ಹೇಗಿದ್ದಾನೆ ಎಂದು ಎರಡು ಸಲ ವಿಚಾರಿಸಿದರು. ಆಮೇಲೆ ಹೇಳಿದರು. 'ಓಡೋದರ ಬೆನ್ನು ಹತ್ತಲಿ ಅಂತ ನಮ್ಮ ಹಿರ್‍ಯಾರು ಈ ನಾಯಿ ಮಾಡ್ಯಾರ. ನೀ ಅದಕ್ಕ ಕೇಕ್ ಕೊಟ್ಟಿ, ಅಂಗಿ ಹಾಕಿದಿ. ನಾಯಿ ಅಂತ ಮಾತ್ರ ತಿಳೀಲಿಲ್ಲ. ತಪ್ಪು ಅದರದಲ್ಲ ತಮ್ಮಾ, ನಿಂದು.'

ಅವರ ಮಾತು ಎಲ್ಲ ತಳಿಗಳಿಗೂ ಅನ್ವಯಿಸುತ್ತದೆ. ಒಂದೊಂದು ತಳಿಯ ಹಿಂದೆಯೂ ಮನುಷ್ಯನ ಯಾವುದೋ ಉದ್ದೇಶವಿದೆ. ಡಾಬರ್‌ಮನ್ ತಳಿಗೆ ಆ ಹೆಸರು ಬಂದದ್ದು ಜರ್ಮನಿಯಲ್ಲಿ ತೆರಿಗೆ ವಸೂಲಿ ಮಾಡುತ್ತಿದ್ದ ವ್ಯಕ್ತಿಯಿಂದ. ಅವನಿಗೆ ಕಾವಲಿಗೆ ಗಟ್ಟಿ ನಾಯಿ ಬೇಕಿತ್ತು. ಕಾಲಿ ನಾಯಿ ಕುರಿಗಳನ್ನು ಸುತ್ತುಗಟ್ಟುವುದಕ್ಕೆ. ಪಿಟ್‌ಬುಲ್‌ಗಳ ಪೂರ್ವಜರು ಇಂಗ್ಲೆಂಡಿನಲ್ಲಿ ಕಟ್ಟಿಹಾಕಿದ ಗೂಳಿಯ ಮೇಲೆ ಬಿಡುತ್ತಿದ್ದ ನಾಯಿಗಳು. 1835ರಲ್ಲಿ ಆ ಕ್ರೀಡೆಗೆ ಕಾನೂನು ನಿಷೇಧ ಬಂದ ಮೇಲೂ ಕದ್ದುಮುಚ್ಚಿ ನಾಯಿಗಳನ್ನೇ ಒಂದಕ್ಕೊಂದು ಕಾದಾಡಿಸಿದರು. ಹಿಡಿದದ್ದನ್ನು ಬಿಡದ ಗುಣವನ್ನು ಆರಿಸಿ ಆರಿಸಿ ಬೆಳೆಸಿದವರು ಮನುಷ್ಯರೇ.

ಹಾಗೆಂದು ತಳಿಯೇ ಎಲ್ಲವೂ ಅಲ್ಲ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೊಂದು, ಒಂದೊಂದು ನಾಯಿಯ ವರ್ತನೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇಕಡಾ 9 ಮಾತ್ರ ಎಂದಿತು. ಆದರೆ ಯಾವ ನಾಯಿಯಲ್ಲಿ ಯಾವ ಗುಣ ಎಷ್ಟಿದೆ ಎಂದು ತಿಳಿಯಬೇಕಾದರೆ ಆ ನಾಯಿಯನ್ನು ನಾಯಿಯಾಗಿ ನೋಡಬೇಕು. ಬೆಕ್ಕಿನ ಮರಿ ಸತ್ತ ದಿನವೇ ನಾನು ಹಾಗೆ ನೋಡಿದ್ದರೆ ಗೇಟು ಎತ್ತರವಾಗುತ್ತಿತ್ತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. ಆ ಚರ್ಚೆ ಅದರ ಪಾಡಿಗೆ ನಡೆಯಲಿ. ಯಾವ ಪಟ್ಟಿ ಬಂದರೂ ಎಚ್ಚರ ತಪ್ಪಿದ ಯಜಮಾನನಿಗೆ ಅದರಿಂದ ಕಣ್ಣು ಬಾರದು.

ಸೋನುವನ್ನು ಮರಳಿ ಕರೆತಂದೆ. ಹುಡುಗನ ಚಿಕಿತ್ಸೆಯ ಖರ್ಚನ್ನೆಲ್ಲ ಕೊಟ್ಟೆವು. ಅದರಿಂದ ಅವನ ಕೈ ಮೇಲಿನ ಕಲೆ ಹೋಗುವುದಿಲ್ಲ. ಗೇಟನ್ನು ಆಳೆತ್ತರ ಮಾಡಿಸಿದೆ. ನಸುಕಿನಲ್ಲಿ ಎದ್ದು, ಗೆಳೆಯನೊಬ್ಬನ ಬೇಲಿ ಹಾಕಿದ ಹೊಲದಲ್ಲಿ ಅದನ್ನು ಓಡಲು ಬಿಡುತ್ತೇನೆ. ಓಣಿಯಲ್ಲಿ ಕರೆದೊಯ್ಯುವಾಗ ಗಟ್ಟಿ ಹಗ್ಗ, ಬಾಯಿಗೆ ಕುಕ್ಕೆ. ಮಕ್ಕಳು ಬಂದಾಗ ಅದು ಒಳಕೋಣೆಯಲ್ಲಿ. ಮಲಗುವುದು ಪಡಸಾಲೆಯಲ್ಲಿ, ತನ್ನ ಗೋಣಿಚೀಲದ ಮೇಲೆ. ಆಶ್ಚರ್ಯವೆಂದರೆ ಮೊದಲಿಗಿಂತ ಈಗಲೇ ಅದು ಶಾಂತವಾಗಿದೆ. ಹೆಂಡತಿ ಈಗಲೂ ತನ್ನ ಕೈಯಾರೆ ರೊಟ್ಟಿ ಮುರಿದು ಹಾಕುತ್ತಾಳೆ. 'ನಮ್ಮ ನಾಯಿ' ಎನ್ನುತ್ತಾಳೆ. ಆ ಮಾತಿನಲ್ಲಿ ಪ್ರೀತಿಯೇನೂ ಕಡಿಮೆಯಾದಂತೆ ನನಗೆ ಕಾಣುವುದಿಲ್ಲ.

ಎದುರುಮನೆಯ ಹುಡುಗ ಬೆಳೆದಿದ್ದಾನೆ. ಆಷಾಢದಲ್ಲಿ ಈಗಲೂ ಪಟ ಹಾರಿಸುತ್ತಾನೆ. ಆದರೆ ನಮ್ಮ ಮನೆಯ ಮುಂದೆ ಬರುವಾಗ ಬಾಲಂಗೋಚಿಯನ್ನು ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು, ಓಡದೆ, ಮೆಲ್ಲನೆ ನಡೆದು ದಾಟುತ್ತಾನೆ. ಅದನ್ನು ನೋಡಿದಾಗಲೆಲ್ಲ ನಾನು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿ ಕೆಳಗಿಟ್ಟು, ಗೇಟಿನ ಚಿಲಕ ಹಾಕಿದೆಯೇ ಎಂದು ಎದ್ದು ನೋಡುತ್ತೇನೆ.