ಬಲ್ಮಠದ ಗುಡ್ಡಕ್ಕೆ ಬಂದ ಕಾಸು

ಮಂಗಳೂರಿನ ಹಂಪನಕಟ್ಟೆಯಿಂದ ಜ್ಯೋತಿ ವೃತ್ತದ ಕಡೆ ನಡೆದು ಬಲ್ಮಠದ ಏರು ಹತ್ತಿದರೆ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಸಿಗುತ್ತದೆ. ಕ್ರೈಸ್ತ ಸಭೆಗಳಿಗೆ ಪಾದ್ರಿಗಳನ್ನು ಸಿದ್ಧಗೊಳಿಸುವ ಸೆಮಿನರಿ ಇದು.

ಬಲ್ಮಠದ ಜಾಗವನ್ನು ಬಾಸೆಲ್ ಮಿಶನ್ನಿಗೆ 1840ರಲ್ಲಿ ಕೊಟ್ಟವರು ಆಗಿನ ಕಲೆಕ್ಟರ್ ಬ್ಲೇರ್. ಮಿಶನ್ನಿನ ಸೆಮಿನರಿ ಮಂಗಳೂರಿನಲ್ಲಿ 1847ರಲ್ಲಿ ಆರಂಭವಾಯಿತು. ಅದರ ಹಿಂದಿದ್ದ ಹರ್ಮನ್ ಮೋಗ್ಲಿಂಗ್, 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದವರೇ.

ದುಡ್ಡು ಎಲ್ಲಿಂದ ಬಂತು? ಹಂಚಿನ ಕಾರ್ಖಾನೆಯಿಂದ ಎಂದು ಹಲವರು ಥಟ್ಟನೆ ಹೇಳಿಯಾರು. ಆದರೆ ಜೆಪ್ಪುವಿನ ಕಾರ್ಖಾನೆ ಹುಟ್ಟಿದ್ದೇ 1865ರಲ್ಲಿ! ಮಿಶನ್ನನ್ನು ಪೊರೆದದ್ದು ಸ್ವಿಟ್ಜರ್ಲೆಂಡ್, ದಕ್ಷಿಣ ಜರ್ಮನಿಗಳ ಸಾಮಾನ್ಯ ಭಕ್ತರ ಕಾಣಿಕೆ. 1855ರಿಂದ ಅದಕ್ಕೊಂದು ಕ್ರಮವೂ ಬಂತು. ಒಬ್ಬೊಬ್ಬರು ವಾರಕ್ಕೆ ಅರ್ಧ ಬಾಟ್ಸೆನ್, ಎಂದರೆ ಐದು ರಾಪೆನ್, ಕೊಡಬೇಕು. ಅಷ್ಟು ಚಿಲ್ಲರೆ ಯಾರ ಮನೆಯಲ್ಲೂ ಇದ್ದೀತು. ನಮ್ಮಲ್ಲಿ ಮುಷ್ಟಿ ಅಕ್ಕಿ ಎತ್ತಿಡುವುದು ನೆನಪಾಗುವುದಿಲ್ಲವೇ?

ದೂರದ ಆಸರೆಗೆ ಅಪಾಯವೂ ಇತ್ತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷರು ಜರ್ಮನ್ ಮಿಶನರಿಗಳನ್ನು ಬಂಧಿಸಿ, ಬಳಿಕ ದೇಶದಿಂದಲೇ ಹೊರಗೆ ಕಳಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಭೆಯ ಭಾರ ಹೆಚ್ಚುಹೆಚ್ಚಾಗಿ ಇಲ್ಲಿನವರ ಹೆಗಲಿಗೇ ಬಿತ್ತು. 1965ರಲ್ಲಿ ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯೂ ಮಂಗಳೂರಿನದೂ ಕೂಡಿ ಈಗಿನ ಕಾಲೇಜಾಯಿತು. ಎರಡು ಮನೆಯವರು ಸೇರಿ ಒಂದೇ ಒಲೆ ಹೂಡಿದ ಹಾಗೆ.

ವಿದ್ಯಾರ್ಥಿಗಳಿಗೆ ಇಲ್ಲಿನ ಗ್ರಂಥಭಂಡಾರದ ಪರಿಚಯ ಇರಬೇಕು. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಇದೇ ಮಿಶನ್ನಿನವರು. ಮಿಶನ್ನಿನ ಕಾಲದ ಹಳೆಯ ಕನ್ನಡ ಪುಸ್ತಕಗಳನ್ನು ಇಲ್ಲಿ ಜೋಪಾನ ಮಾಡಿದ್ದಾರೆ. ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು ಮೊದಲೇ ಕಾಲೇಜಿನ ಅನುಮತಿ ಕೇಳಿಕೊಂಡು ಹೋಗುವುದು ಒಳ್ಳೆಯದು.