ಲೊಕ್ಕಿಗುಂಡಿಯಲ್ಲಿ ಒಂದು ಹಗಲು

ಗದಗಿನಿಂದ ಹೊಸಪೇಟೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹನ್ನೊಂದು ಹನ್ನೆರಡು ಕಿಲೋಮೀಟರು ಸಾಗಿದರೆ ಲಕ್ಕುಂಡಿ ಸಿಗುತ್ತದೆ. ಹಂಪೆಯ ಅವಸರದಲ್ಲಿರುವವರು ಅಲ್ಲಿ ಇಳಿಯುವುದು ಅಪರೂಪ. ನನ್ನದೂ ಅದೇ ಕಥೆ. ರನ್ನನನ್ನು ಪಾಠ ಹೇಳುವಾಗಲೆಲ್ಲ ಅತ್ತಿಮಬ್ಬೆಯ ಹೆಸರೆತ್ತಿ, ಲಕ್ಕುಂಡಿಯ ಶಾಸನವನ್ನು ಉಲ್ಲೇಖಿಸಿ, ಊರನ್ನು ಮಾತ್ರ ಕಣ್ಣಾರೆ ಕಾಣದೆ ಹತ್ತು ವರ್ಷ ಕಳೆದಿದ್ದೆ. ಈ ಸಲದ ರಜೆಯಲ್ಲಿ ಹಂಪೆಗೆಂದೇ ಹೊರಟವರು ನಡುದಾರಿಯಲ್ಲಿ ಇಳಿದದ್ದು ಆ ನಾಚಿಕೆಯಿಂದ. “ಒಂದು ಗಂಟೆ ಸಾಕಲ್ಲವೆ?” ಎಂದಳು ನನ್ನಾಕೆ. ಧಾರಾಳವಾಗಿ ಸಾಕು ಎಂದೆ.

ಈಗ ನೋಡಿದರೆ ಇದೊಂದು ದೊಡ್ಡ ಹಳ್ಳಿ. ಮಣ್ಣಿನ ಮಾಳಿಗೆಯ ಮನೆಗಳು, ಕಟ್ಟೆಯ ಮೇಲೆ ಕುಳಿತ ರುಮಾಲಿನ ಹಿರಿಯರು, ಬೀದಿಯಲ್ಲಿ ಎತ್ತಿನ ಬಂಡಿಯ ಬದಿಗೇ ನಿಂತ ಟ್ರ್ಯಾಕ್ಟರು. ಆದರೆ ಲೊಕ್ಕಿಗುಂಡಿ ಎಂಬ ಹೆಸರಿನಿಂದ ಇದು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ದೊಡ್ಡ ಪಟ್ಟಣವಾಗಿದ್ದಿತು. ಇಲ್ಲಿ ಟಂಕಸಾಲೆಯಿದ್ದು, ಲೊಕ್ಕಿ ಗದ್ಯಾಣವೆಂಬ ನಾಣ್ಯವೇ ಊರಿನ ಹೆಸರನ್ನು ಹೊತ್ತು ನಾಡಿನಲ್ಲಿ ತಿರುಗಿತು. ಹೊಯ್ಸಳ ವೀರಬಲ್ಲಾಳನು ೧೧೯೨ರ ಸುಮಾರಿಗೆ ಉತ್ತರದ ನೆಲವನ್ನು ಗೆದ್ದಾಗ ಬೀಡುಬಿಟ್ಟದ್ದೂ ಇಲ್ಲಿಯೇ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರವರು ಲೆಕ್ಕ ಹೇಳುತ್ತಾರೆ. ಎಣಿಸಿ ನೋಡುವ ಉದ್ಧಟತನ ನನಗೆ ಬರಲಿಲ್ಲ.

ಮೊದಲು ಹೋದದ್ದು ಬ್ರಹ್ಮಜಿನಾಲಯಕ್ಕೆ. ಬಿಸಿಲಿನಿಂದ ಒಳಗೆ ಕಾಲಿಟ್ಟೊಡನೆ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಮೆಲ್ಲಮೆಲ್ಲನೆ ಆ ಕತ್ತಲೆಯೊಳಗಿಂದ ನಾಲ್ಕು ಮೊಗದ ಬ್ರಹ್ಮನ ವಿಗ್ರಹವೊಂದು ಮೂಡಿಬರುತ್ತದೆ. ಕಲ್ಲು ಬಳಪದ ಜಾತಿಯದು. ಉಳಿಗೆ ಒಲಿಯುವ ಮೃದುವಾದ ಶಿಲೆ. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ಈ ಕಲ್ಲಿಗೆ ಒಲಿದ ಮೇಲೆಯೇ ನಮ್ಮ ಶಿಲ್ಪಿಗಳ ಕೈ ಅಷ್ಟು ಸೂಕ್ಷ್ಮವಾದದ್ದು.

ಈ ಬಸದಿಯನ್ನು ಕಟ್ಟಿಸಿದವಳು ಅತ್ತಿಮಬ್ಬೆ. ಅವಳನ್ನು ಕೊಂಡಾಡುವ ಇಲ್ಲಿಯ ಶಾಸನ ಕ್ರಿ. ಶ. ೧೦೦೭ರದು. ಕಥೆ ಎಲ್ಲರೂ ಬಲ್ಲದ್ದೇ: ಅಕ್ಕತಂಗಿಯರಾದ ಅತ್ತಿಮಬ್ಬೆ, ಗುಂಡಮಬ್ಬೆಯರು ನಾಗದೇವನೆಂಬ ಒಬ್ಬನೇ ವೀರನ ಕೈಹಿಡಿದರು, ಅವನು ತೀರಿಕೊಂಡಾಗ ತಂಗಿ ಸಹಗಮನ ಮಾಡಿದಳು, ಅಕ್ಕ ಎಳೆಯ ಮಗನಿಗಾಗಿ ಉಳಿದಳು. ಉಳಿದವಳು ಸುಮ್ಮನೆ ಕೂಡಲಿಲ್ಲ. ರನ್ನನಿಗೆ ಆಶ್ರಯವಿತ್ತು ೯೯೩ರಲ್ಲಿ ಅಜಿತಪುರಾಣವನ್ನು ಬರೆಯಿಸಿದಳು. ತನ್ನ ತಂದೆ ಮಲ್ಲಪ, ಚಿಕ್ಕಪ್ಪ ಪುನ್ನಮಯ್ಯರು ಪೊನ್ನನಿಂದ ಬರೆಯಿಸಿದ್ದ ಶಾಂತಿಪುರಾಣ ಹಾಳಾಗಿ ಹೋಗಬಾರದೆಂದು ಅದರ ಸಾವಿರ ಪ್ರತಿಗಳನ್ನು ಮಾಡಿಸಿ ದಾನವಿತ್ತಳೆಂದು ಪ್ರಸಿದ್ಧಿ.

ಸಾವಿರ ಪ್ರತಿ ಎಂದರೆ ಎಷ್ಟು? ತರಗತಿಯಲ್ಲಿ ಆ ಅಂಕಿಯನ್ನು ಹೇಳಿ ಮುಂದಿನ ಸಾಲಿಗೆ ಹೋಗುತ್ತಿದ್ದವನು ನಾನು. ಅಂದು ಬಸದಿಯ ಜಗಲಿಯ ಮೇಲೆ ನಮ್ಮ ಹತ್ತು ವರ್ಷದ ಮಗಳು ಗೋಡೆಯ ಪಕ್ಕದ ಶಾಸನದಿಂದ ನಾಲ್ಕು ಅಕ್ಷರಗಳನ್ನು ತನ್ನ ನೋಟುಬುಕ್ಕಿಗೆ ಇಳಿಸಲು ಕಾಲುಗಂಟೆ ತೆಗೆದುಕೊಂಡಳು. ಅದೂ ಪೆನ್ಸಿಲಿನಲ್ಲಿ. ಓಲೆಗರಿಯ ಮೇಲೆ ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ತೊಡೆದು, ಇಡೀ ಕಾವ್ಯವನ್ನು ಸಾವಿರ ಸಲ! ಎಷ್ಟು ಲಿಪಿಕಾರರು, ಎಷ್ಟು ತಾಳೆಯ ಮರಗಳು, ಎಷ್ಟು ನೋಯುವ ಬೆನ್ನುಗಳು! ಹತ್ತು ವರ್ಷದ ನನ್ನ ಪಾಠ ಎಷ್ಟು ತೆಳುವಾಗಿತ್ತೆಂದು ಆಗ ತಿಳಿಯಿತು.

ಕಾಶೀವಿಶ್ವೇಶ್ವರ ದೇವಾಲಯ ಊರಿನ ನಡುವೆಯೇ ಇದೆ. ಶಿವನ ಗುಡಿ, ಅದಕ್ಕೆ ಎದುರಾಗಿ ಸೂರ್ಯನ ಚಿಕ್ಕ ಗುಡಿ. ಎರಡೂ ಒಂದನ್ನೊಂದು ನೋಡುತ್ತ ನಿಂತಿವೆ. ಬಾಗಿಲವಾಡದ ಕೆತ್ತನೆಯನ್ನು ವರ್ಣಿಸಲು ಹೊರಟರೆ ಈ ಸಂಚಿಕೆಯ ಪುಟಗಳು ಸಾಲವು. ಮುಸುಕಿನ ಬಾವಿಯ ಮಾತನ್ನಂತೂ ಹೇಳಲೇಬೇಕು. ಮಾಣಿಕೇಶ್ವರ ಗುಡಿಯ ಮಗ್ಗುಲಿಗೆ ಮೂರು ಕಡೆಯಿಂದ ಮೆಟ್ಟಿಲುಗಳು ನೀರಿಗೆ ಇಳಿಯುತ್ತವೆ. ಗೋಡೆಗಳಲ್ಲಿ ಪುಟ್ಟ ಪುಟ್ಟ ಗುಡಿಗಳಂಥ ಗೂಡುಗಳು. ನೀರು ಸೇದುವ ದಿನಗೆಲಸಕ್ಕೆ ಇಷ್ಟು ಚೆಲುವು ಬೇಕೆಂದು ತಿಳಿದ ಜನ ಅವರು.

ಅಲ್ಲಿಂದ ಬರುವಾಗ ಬಾಯಾರಿ ಒಂದು ಮನೆಯ ಕಟ್ಟೆಯ ಬಳಿ ನಿಂತೆವು. “ಬರ್ರಿ ಸರ, ಬರ್ರಿ ಅವ್ವಾರ, ಒಳಗ ಬರ್ರಿ” ಎಂದು ಮುದುಕರೊಬ್ಬರು ಕರೆದು ಬೆಲ್ಲ ನೀರು ಕೊಡಿಸಿದರು. ಗುಡಿಗಳನ್ನು ನಾನು ಹೊಗಳುತ್ತಲೇ ಇದ್ದೆ. ಅವರು ಸ್ವಲ್ಪ ಹೊತ್ತು ಕೇಳಿ, “ಗುಡಿ ಛಲೋ ಅದಾವ್ರಿ, ನಮಗೂ ಅಭಿಮಾನ ಐತಿ. ಆದ್ರ ಹಿತ್ತಲ ಗ್ವಾಡಿ ಬಿದ್ದು ಎರಡು ಮಳೆಗಾಲ ಆತು. ಮಗನ ಲಗ್ನ ಆಗೈತಿ, ಒಂದು ಖೋಲಿ ಬೇಕು. ಕಟ್ಟಾಕ ಹೋದ್ರ ಗುಡಿ ಅಡ್ಡ ಬರ್ತೈತಿ. ಅರ್ಜಿ ಕೊಟ್ಟು ಕುಂತೀವ್ರಿ” ಎಂದರು.

ರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡ ಕೂಡದು; ಅದರಾಚೆಗೆ ಇನ್ನೂರು ಮೀಟರಿನವರೆಗೆ ಅನುಮತಿ ಬೇಕು; ಹಳೆಯ ಮನೆಯ ದುರಸ್ತಿಗೂ ಅಪ್ಪಣೆಯಿಲ್ಲದೆ ನಡೆಯದು. ೨೦೧೦ರಲ್ಲಿ ತಿದ್ದುಪಡಿಯಾದ ಕಾಯಿದೆ ಇದು. ಕಾಯಿದೆ ತಪ್ಪೆಂದು ನಾನು ಹೇಳಲಾರೆ. ಅದಿಲ್ಲದಿದ್ದರೆ ಉಳಿದಿರುವ ಗುಡಿಗಳಲ್ಲಿ ಎಷ್ಟು ಮನೆಗಳ ಅಡಿಪಾಯವಾಗುತ್ತಿದ್ದವೋ! ಆದರೆ ಬೀದಿಬೀದಿಗೂ ಗುಡಿಯಿರುವ ಊರಿನಲ್ಲಿ ನೂರು ಮೀಟರಿನ ವೃತ್ತಗಳನ್ನು ಎಳೆಯುತ್ತ ಹೋದರೆ ಜನ ನಿಲ್ಲುವುದೆಲ್ಲಿ? “ಅಜ್ಜಾರ, ಉತ್ತರ ಬಂದೀತು” ಎಂದೆ. ಅವರು ನಕ್ಕರು. ಆ ನಗು ನನ್ನ ಮಾತಿಗಿಂತ ಹೆಚ್ಚು ಬಲ್ಲದ್ದಾಗಿತ್ತು.

ಹೋಗಬಯಸುವವರಿಗೆ ಎರಡು ಮಾತು: ಬೇಸಿಗೆ ಬೇಡ, ಅಲ್ಲಿಯ ಬಿಸಿಲು ದಾಕ್ಷಿಣ್ಯವಿಲ್ಲದ್ದು. ಉಳಿಯಲು ಗದಗೇ ಅನುಕೂಲ. ಇನ್ನೊಂದು ದಿನ ಸಿಕ್ಕರೆ ಡಂಬಳಕ್ಕೆ ಹೋಗಿ ದೊಡ್ಡಬಸಪ್ಪನ ಗುಡಿಯ ನಕ್ಷತ್ರದಂಥ ತಳವನ್ನು ಒಂದು ಸುತ್ತು ಬಳಸಿ ಬನ್ನಿ. ಲಕ್ಕುಂಡಿಯಲ್ಲಿ ವಾಹನವನ್ನು ಹೆದ್ದಾರಿಯ ಬಳಿಯೇ ಬಿಟ್ಟು ನಡೆಯಿರಿ. ಮನೆಗಳ ಅಂಗಳದಲ್ಲಿ ಹಾದುಹೋಗುವಾಗ ಕೇಳಿ ಹೋಗಿರಿ.

ಹೊತ್ತು ಇಳಿದಾಗ ಮುದುಕರ ಸೊಸೆ ಮಗಳ ಕೈಗೆ ಜೋಳದ ರೊಟ್ಟಿ, ಶೇಂಗಾಚಟ್ನಿ ಕಟ್ಟಿ ಕೊಟ್ಟಳು. ಹಂಪೆಯ ಬಸ್ಸು ಬಂತು, ಹೋಯಿತು, ನನ್ನಾಕೆ ಏಳಲಿಲ್ಲ. ಕತ್ತಲಾಗುವ ಹೊತ್ತಿಗೆ ಗದಗಿಗೇ ಹಿಂದಿರುಗಿ, ಬಿಸಿ ಮಿರ್ಚಿಯೊಡನೆ ಗಿರಮಿಟ್ಟು ತಿನ್ನುತ್ತ ಕುಳಿತಾಗ ಮಗಳು ನೋಟುಬುಕ್ಕು ತೆರೆದು ಆ ನಾಲ್ಕು ಅಕ್ಷರಗಳನ್ನು ಓದಿಸೆಂದಳು. ಮೂರನ್ನು ಓದಿದೆ. ನಾಲ್ಕನೆಯದನ್ನು ಅವಳು ತಪ್ಪಾಗಿ ಬರೆದಿದ್ದಳೋ ನನಗೇ ಬರಲಿಲ್ಲವೋ, ಮರುದಿನ ಬೆಳಿಗ್ಗೆ ಮತ್ತೆ ಲಕ್ಕುಂಡಿಯ ಬಸ್ಸು ಹತ್ತಿದೆವು.